ನಿಲ್ಲಿಸಿದರೆ ಕೆಟ್ಟಿತು: ಮನೆಯಲ್ಲಿ ಹಳೆ ಲಾರಿ ಸಾಕುವವರಿಗೆ ಹದಿನೈದು ಸೂತ್ರ

ಮಲೆನಾಡಿನ ಎಷ್ಟೋ ತೋಟದ ಮನೆಗಳ ಹಿಂದೆ, ಬಯಲುಸೀಮೆಯ ಅಕ್ಕಿ ಗಿರಣಿಗಳ ಅಂಗಳದಲ್ಲಿ ಇವತ್ತಿಗೂ ಹಳೆ ಲಾರಿಗಳಿವೆ. ಬಾನೆಟ್ ಮುಂದೆ ಚಾಚಿದ ಟಾಟಾ ಬೆಂಜ್, ಫಾರ್ಗೋ, ಲೇಲ್ಯಾಂಡ್ ಕಾಮೆಟ್, ಸೇನೆಯ ಹರಾಜಿನಲ್ಲಿ ಬಂದ ಜೀಪು, ನಿಸ್ಸಾನ್ ಒನ್ ಟನ್. ಅಜ್ಜ ಕೊಂಡದ್ದೆಂಬ ಅಭಿಮಾನಕ್ಕೆ ಒಂದನ್ನು ಉಳಿಸಿಕೊಂಡವರು ನಿಧಾನಕ್ಕೆ ಎರಡು, ಮೂರು ಕೂಡಿಸುತ್ತಾರೆ. ಕೂಡಿಸುವುದು ಸುಲಭ, ಹಣ, ಜಾಗ, ಒಬ್ಬ ದಲ್ಲಾಳಿ ಇದ್ದರಾಯಿತು. ಅವು ಓಡುತ್ತಲೇ ಇರುವಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಎಂಜಿನ್ ಸವೆದು ಗುಜರಿಗೆ ಹೋದ ಲಾರಿಗಿಂತ ನಿಂತಲ್ಲೇ ನಿಂತು ಹಾಳಾದ ಲಾರಿಯನ್ನೇ ನಾನು ಹೆಚ್ಚು ನೋಡಿದ್ದೇನೆ. ಕೆಳಗಿನ ಸೂತ್ರಗಳೆಲ್ಲ ಆ ನಿಲುಗಡೆಯ ವಿರುದ್ಧವೇ.

1. ಓಡಿಸಲು ಆಗುವಷ್ಟನ್ನೇ ಇಟ್ಟುಕೊಳ್ಳಿ.
ಪ್ರತಿ ಗಾಡಿಯೂ ತಿಂಗಳಿಗೊಮ್ಮೆ ರಸ್ತೆಗೆ ಇಳಿಯಲೇಬೇಕು. ವಾರಕ್ಕೊಂದು ಬೆಳಗಿನ ಬಿಡುವು ಇರುವವರಿಗೆ ನಾಲ್ಕು ಲಾರಿ. ತಿಂಗಳಿಗೆ ಎರಡೇ ಬಿಡುವೆಂದರೆ ಎರಡು ಲಾರಿ. ಅದಕ್ಕಿಂತ ಹೆಚ್ಚಿದ್ದರೆ ಒಂದನ್ನು ಓಡಿಸಬಲ್ಲವರ ಕೈಗೆ ಕೊಟ್ಟುಬಿಡಿ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆ ವಾಹನಗಳನ್ನು ಕಂಡು ಆಸೆ ಹುಟ್ಟುವುದು ಸಹಜ. ಆದರೆ ಅಂಥ ಕಡೆ ನೋಡಿಕೊಳ್ಳಲು ಜನರಿರುತ್ತಾರೆ. ನಿಮ್ಮ ಮನೆಯಲ್ಲಿ ಸ್ಪ್ಯಾನರ್ ಹಿಡಿಯುವವರು ನೀವೊಬ್ಬರೇ.

2. ಒಂದೇ ಮನೆತನದ ಗಾಡಿಗಳನ್ನು ಕೂಡಿಸಿ.
ನಾಲ್ಕು ಲಾರಿಗೆ ನಾಲ್ಕು ಕಂಪನಿಯ ಸಾಮಾನು ಹುಡುಕುವುದು ಆಗುಹೋಗುವ ಮಾತಲ್ಲ. ಇತಿಹಾಸ ಸ್ವಲ್ಪ ತಿಳಿದಿದ್ದರೆ ಇಲ್ಲಿ ಬಹಳ ಉಪಯೋಗ. ಮುಂಬೈನ ಪ್ರೀಮಿಯರ್ ಆಟೋಮೊಬೈಲ್ಸ್ ಕಟ್ಟಿದ ಲಾರಿ ಡಾಡ್ಜ್, ಫಾರ್ಗೋ, ಡಿಸೋಟೊ ಎಂಬ ಮೂರು ಹೆಸರಿನಲ್ಲಿ ಮಾರಾಟವಾಯಿತು. ಒಳಗಿನ ಸಾಮಾನು ಬಹುಪಾಲು ಒಂದೇ. ಹಾಗಾಗಿ ಫಾರ್ಗೋ ಇರುವವರು ಡಾಡ್ಜ್ ಗುಜರಿಯನ್ನು ಬಿಡಬಾರದು. ಪರ್ಕಿನ್ಸ್ ಪಿ6 ಡೀಸೆಲ್ ಎಂಜಿನ್ ಕೂತ ಗಾಡಿಯಾದರೆ ಇನ್ನೂ ಒಂದು ಅನುಕೂಲವಿದೆ. ಪಿ3, ಪಿ4, ಪಿ6 ಈ ಮೂರಕ್ಕೂ ಬೋರ್ ಮತ್ತು ಸ್ಟ್ರೋಕ್ ಒಂದೇ, ಸಿಲಿಂಡರ್ ಸಂಖ್ಯೆ ಮಾತ್ರ ಬೇರೆ. ಎಲ್ಲೋ ಮೂಲೆಯಲ್ಲಿ ಬಿದ್ದಿರುವ ಹಳೆ ಪಿ4 ಜನರೇಟರ್ ನಿಮ್ಮ ಪಿ6ಗೆ ಪಿಸ್ಟನ್ ಕೊಡಬಹುದು. ಅಳತೆ ಹಿಡಿದು ನೋಡಿ.

ಟೆಲ್ಕೊ ಕಂಪನಿ 1954ರಲ್ಲಿ ಡೈಮ್ಲರ್-ಬೆಂಜ್ ಜೊತೆ ಸೇರಿ ಜಮ್‌ಶೆಡ್‌ಪುರದಲ್ಲಿ ಲಾರಿ ಕಟ್ಟಲು ಶುರುಮಾಡಿತು. 1969ರಲ್ಲಿ ಒಪ್ಪಂದ ಮುಗಿದಾಗ ಮುಂಭಾಗದ ನಕ್ಷತ್ರ ಹೋಗಿ ಟಾಟಾ ಗುರುತು ಬಂತು. ನಮ್ಮ ಜನ ಮಾತ್ರ ಟಾಟಾ ಬೆಂಜ್ ಅನ್ನುವುದನ್ನು ಬಿಡಲಿಲ್ಲ. ಮೊದಲ ಸಲ ಹಳೆ ಲಾರಿ ಕೊಳ್ಳುವವರಿಗೆ ನನ್ನ ಮತ ಟಾಟಾ 1210ಕ್ಕೇ. ಸಾಮಾನು ಸಿಗುತ್ತದೆ, ಅದನ್ನು ಬಿಚ್ಚಿ ಜೋಡಿಸಿದ ಮೇಸ್ತ್ರಿಗಳು ಪ್ರತಿ ಊರಲ್ಲೂ ಸಿಗುತ್ತಾರೆ. ಹಿಂದೂಸ್ತಾನ್ ಮೋಟರ್ಸ್‌ನ ಬೆಡ್‌ಫರ್ಡ್ ನೋಡಲು ಚೆಂದ. ಆದರೆ ಬಿಡಿಭಾಗಕ್ಕೆಂದೇ ಇನ್ನೊಂದು ಬೆಡ್‌ಫರ್ಡ್ ಸಿಕ್ಕಿದರೆ ಮಾತ್ರ ಅದಕ್ಕೆ ಕೈಹಾಕಿ.

3. ನಿಂತಲ್ಲೇ ಸ್ಟಾರ್ಟ್ ಮಾಡಿ ಆಫ್ ಮಾಡಬೇಡಿ.
ಶೆಡ್ಡಿನಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸುವ ಅಭ್ಯಾಸ ಬಹಳ ಜನರಿಗಿದೆ. ಇದರಿಂದ ಒಳ್ಳೆಯದಕ್ಕಿಂತ ಕೆಡುಕೇ ಹೆಚ್ಚು. ಇಂಧನ ಉರಿದಾಗ ಹುಟ್ಟುವ ನೀರಾವಿ ತಣ್ಣಗಿನ ಎಂಜಿನ್ನಿನಲ್ಲಿ ನೀರಾಗಿ ಸಂಪಿಗೆ ಇಳಿಯುತ್ತದೆ, ಎಣ್ಣೆಯ ಜೊತೆ ಸೇರುತ್ತದೆ. ಎಣ್ಣೆ ಚೆನ್ನಾಗಿ ಕಾದರೆ ಮಾತ್ರ ಆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಸೈಲೆನ್ಸರ್ ಒಳಗಿನಿಂದ ತುಕ್ಕು ತಿನ್ನುವುದೂ ಇದೇ ನೀರಿನಿಂದ.

ಹದಿನೈದು ಇಪ್ಪತ್ತು ಕಿಲೋಮೀಟರ್ ಓಡಿಸಿ. ಎಲ್ಲ ಗೇರೂ ಬಳಕೆಯಾಗುವಂಥ ದಾರಿ ಆರಿಸಿ, ಒಂದು ಏರು ಒಂದು ಇಳಿಜಾರು ಇರಲಿ. ವಾಪಸು ಬಂದ ತಕ್ಷಣ ಇಳಿದು ಒಂದು ಸುತ್ತು ಹಾಕಿ. ಗೇರ್ ಬಾಕ್ಸ್, ಹಿಂದಿನ ಹೌಸಿಂಗ್ ಬೆಚ್ಚಗಿರಬೇಕು. ಡ್ರಮ್ಮುಗಳ ಹತ್ತಿರ ಕೈ ಒಯ್ದು ಶಾಖ ನೋಡಿ, ಮುಟ್ಟಬೇಡಿ. ಒಂದೇ ಆಕ್ಸೆಲ್ಲಿನ ಎರಡು ಡ್ರಮ್ಮುಗಳಲ್ಲಿ ಒಂದು ಮಾತ್ರ ಸುಡುತ್ತಿದ್ದರೆ ಅಲ್ಲಿ ಬ್ರೇಕ್ ಕಚ್ಚಿಕೊಂಡಿದೆ. ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿ ಬ್ರೇಕೇ ಹಿಡಿಯುತ್ತಿಲ್ಲ. ಈ ಒಂದು ಸುತ್ತು ಹೇಳುವಷ್ಟು ವಿಷಯವನ್ನು ಯಾವ ಮೀಟರೂ ಹೇಳುವುದಿಲ್ಲ.

4. ಬಹಳ ದಿನ ನಿಂತ ಎಂಜಿನ್ನಿಗೆ ಮೊದಲು ಎಣ್ಣೆ, ಆಮೇಲೆ ಬೆಂಕಿ.
ತಿಂಗಳುಗಟ್ಟಲೆ ನಿಂತ ಎಂಜಿನ್ನಿನ ಬೇರಿಂಗ್‌ಗಳಿಂದ ಎಣ್ಣೆ ಇಳಿದುಹೋಗಿರುತ್ತದೆ. ಡೀಸೆಲ್ ಗಾಡಿಯಾದರೆ ಸ್ಟಾಪ್ ನಾಬ್ ಎಳೆದು ಹಿಡಿದು, ಆಯಿಲ್ ಪ್ರೆಷರ್ ಮುಳ್ಳು ಏಳುವ ತನಕ ಸೆಲ್ಫ್ ಬಿಟ್ಟು ಬಿಟ್ಟು ಹೊಡೆಯಿರಿ. ಪೆಟ್ರೋಲ್ ಗಾಡಿಯಾದರೆ ಕಾಯಿಲ್‌ನ ಸಂಪರ್ಕ ತೆಗೆದು ತಿರುಗಿಸಿ. ವರ್ಷಗಟ್ಟಲೆ ನಿಂತದ್ದಾದರೆ ಸೆಲ್ಫ್ ಮುಟ್ಟಲೇಬೇಡಿ. ಮೊದಲು ಪ್ಲಗ್ ಅಥವಾ ನೋಝಲ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಸ್ವಲ್ಪ ತೆಳು ಎಣ್ಣೆ ಬಿಟ್ಟು ಎರಡು ದಿನ ಕಾಯಿರಿ, ಆಮೇಲೆ ಕೈಯಿಂದ ತಿರುಗಿಸಿ ನೋಡಿ. ತಿರುಗದಿದ್ದರೆ ಇನ್ನೆರಡು ದಿನ. ಕಚ್ಚಿಕೊಂಡ ಪಿಸ್ಟನ್ನನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಸಿ ಬಿಡಿಸಲು ಹೋಗುವುದು ಕನೆಕ್ಟಿಂಗ್ ರಾಡ್ ಮುರಿಯುವ ದಾರಿ.

5. ಡೀಸೆಲ್ಲಿನಲ್ಲಿ ನೀರು, ಕೊಳೆ, ಗಾಳಿ ಇರಬಾರದು.
ಹಳೆಯ ಡೀಸೆಲ್ ಎಂಜಿನ್ನಿನ ತೊಂದರೆ ಬಹುಪಾಲು ಈ ಮೂರರಲ್ಲೇ ಮುಗಿಯುತ್ತದೆ. ಅರ್ಧ ಖಾಲಿ ಟ್ಯಾಂಕಿನೊಳಗೆ ರಾತ್ರಿಯ ತಂಪಿಗೆ ನೀರು ಕಟ್ಟುತ್ತದೆ, ಅದು ತಳದಲ್ಲಿ ಕೂರುತ್ತದೆ, ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಪಾಚಿಯಂಥ ಲೋಳೆ ಬೆಳೆಯುತ್ತದೆ. ಹಾಗಾಗಿ ಡೀಸೆಲ್ ಟ್ಯಾಂಕನ್ನು ತುಂಬಿಸಿಯೇ ನಿಲ್ಲಿಸಿ. ತಿಂಗಳ ಓಟಕ್ಕೆ ಮುಂಚೆ ಟ್ಯಾಂಕಿನ ತಳದ ಪ್ಲಗ್ ಸಡಿಲಿಸಿ ಒಂದು ಲೋಟದಷ್ಟು ಗಾಜಿನ ಬಾಟಲಿಗೆ ಹಿಡಿದು ನೋಡಿ.

ಗಾಳಿ ಹಿಡಿದರೆ ಕ್ರಮ ತಪ್ಪದೆ ತೆಗೆಯಿರಿ: ಕೈಪಂಪು ಒತ್ತುತ್ತಾ ಮೊದಲು ಫಿಲ್ಟರಿನ ಸ್ಕ್ರೂ, ನಂತರ ಪಂಪಿನ ಸ್ಕ್ರೂ, ಕೊನೆಗೆ ಸೆಲ್ಫ್ ಹೊಡೆಯುತ್ತಾ ನೋಝಲ್ ಪೈಪಿನ ನಟ್. ನೊರೆ ನಿಂತು ಬರಿ ಡೀಸೆಲ್ ಬರುವ ತನಕ ಬಿಗಿಯಬೇಡಿ. ನೋಝಲ್ ಸಿಂಪಡಿಸುವುದನ್ನು ನೋಡುವಾಗ ಕೈ ಅಡ್ಡ ಇಡಲೇಬಾರದು. ಆ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ, ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಸಣ್ಣ ಗಾಯವೆಂದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು.

6. ಪೆಟ್ರೋಲ್ ಗಾಡಿಯ ರಬ್ಬರನ್ನೆಲ್ಲ ಬದಲಿಸಿ.
ನಮ್ಮ ಪೆಟ್ರೋಲ್ ಎರಡು ಸಲ ದೊಡ್ಡದಾಗಿ ಬದಲಾಗಿದೆ. 2000ದ ಫೆಬ್ರವರಿ 1ರಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. 2025ರ ಹೊತ್ತಿಗೆ ಅದರಲ್ಲಿ ಶೇ. 20 ಎಥೆನಾಲ್ ಸೇರಿತು. ಸೀಸ ಹೋದದ್ದರಿಂದ ಹಳೆ ಎಂಜಿನ್ನಿನ ಮೆತ್ತನೆಯ ಎಗ್ಸಾಸ್ಟ್ ವಾಲ್ವ್ ಸೀಟು ಸವೆಯಬಹುದು. ತಿಂಗಳಿಗೊಂದು ಓಟದಲ್ಲಿ ಅದು ನಿಧಾನದ ಸವೆತ. ಮುಂದೆ ಹೆಡ್ ಬಿಚ್ಚಿದಾಗ ಲೇತ್ ಅಂಗಡಿಯಲ್ಲಿ ಗಟ್ಟಿ ಸೀಟು ಕೂರಿಸಿದರಾಯಿತು. ಎಥೆನಾಲ್ ಹಾಗಲ್ಲ. ಅದು ಹಳೆಯ ರಬ್ಬರ್ ಪೈಪು, ಪಂಪಿನ ಡಯಾಫ್ರಮ್, ಕಾರ್ಕ್ ಗ್ಯಾಸ್ಕೆಟ್ಟುಗಳನ್ನು ಮೆತ್ತಗೆ ಮಾಡುತ್ತದೆ, ಗಾಳಿಯಿಂದ ನೀರು ಹೀರುತ್ತದೆ. ಬಿಸಿ ಎಂಜಿನ್ನಿನ ಮೇಲೆ ಪೆಟ್ರೋಲ್ ಸೋರಿದರೆ ಗಾಡಿಯೂ ಉಳಿಯದು, ಶೆಡ್ಡೂ ಉಳಿಯದು. ಎಥೆನಾಲ್ ತಡೆಯುವ ಪೈಪು ಎಂದು ಕೇಳಿಯೇ ಕೊಳ್ಳಿ. ನಿಲ್ಲಿಸುವ ಮುಂಚೆ ಟ್ಯಾಂಕಿನ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಖಾಲಿಯಾಗಿ ಎಂಜಿನ್ ತಾನೇ ನಿಲ್ಲುವ ತನಕ ಬಿಡಿ. ಶೆಡ್ಡಿನ ಬಾಗಿಲಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇರಲೇಬೇಕು.

7. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ.
ನಮ್ಮ ಬಯಲುಸೀಮೆಯ ಗಡಸು ನೀರು ರೇಡಿಯೇಟರಿನ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕೂಲೆಂಟ್ ಹಾಕಿ. ತಾಮ್ರ, ಹಿತ್ತಾಳೆಯ ಬೆಸುಗೆ ರೇಡಿಯೇಟರಿಗೆ ಹಳೆ ಮಾದರಿಯ ಹಸಿರು ಕೂಲೆಂಟೇ ಸೂಕ್ತ. ಬಿಸಿಯಾಗುತ್ತದೆಂದು ಥರ್ಮೋಸ್ಟಾಟ್ ಕಿತ್ತೆಸೆಯುವುದು ಹಳೆ ರೂಢಿ. ಅದರಿಂದ ಎಂಜಿನ್ ತಣ್ಣಗೇ ಓಡಿ ಬೇಗ ಸವೆಯುತ್ತದೆ.

8. ಎಣ್ಣೆಯನ್ನು ಹೊಳಪು ನೋಡಿ ಅಲ್ಲ, ಕಾಲ ನೋಡಿ ಬದಲಿಸಿ.
ಕಿಲೋಮೀಟರ್ ಓಡದಿದ್ದರೂ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ ಬದಲಿಸಿ. ಗೇರ್ ಬಾಕ್ಸಿಗೆ ಎಣ್ಣೆ ಕೊಳ್ಳುವಾಗ ಡಬ್ಬಿಯ ಮೇಲೆ ಜಿಎಲ್-4 ಎಂದಿದೆಯೇ ನೋಡಿ. ಜಿಎಲ್-5 ಎಣ್ಣೆಯಲ್ಲಿರುವ ಗಂಧಕದ ಅಂಶ ಹಿತ್ತಾಳೆಯ ಭಾಗಗಳನ್ನು ತಿನ್ನಬಲ್ಲದು. ಅದು ಕ್ರೌನಿಗೆ ಸರಿ. ಗ್ರೀಸ್ ಹೊಡೆಯುವಾಗ ಮುಂದಿನ ಆಕ್ಸೆಲ್ಲನ್ನು ಜಾಕ್ ಕೊಟ್ಟು ಎತ್ತಿ. ಭಾರ ಇಳಿದರೆ ಮಾತ್ರ ಕಿಂಗ್ ಪಿನ್ನಿನ ಸುತ್ತ ಗ್ರೀಸ್ ಹರಿಯುತ್ತದೆ. ಹಳೆ ಗ್ರೀಸ್ ಹೊರಬಂದು ಹೊಸದು ಕಾಣುವ ತನಕ ಹೊಡೆಯಿರಿ.

9. ಹೊರಡುವುದನ್ನು ಕಲಿಯುವ ಮುಂಚೆ ನಿಲ್ಲುವುದನ್ನು ಸರಿಮಾಡಿ.
ಹಳೆ ಗಾಡಿಗಳ ಹೈಡ್ರಾಲಿಕ್ ಬ್ರೇಕ್ ಒಂದೇ ಸರ್ಕ್ಯೂಟಿನದು. ಒಂದು ಕಡೆ ಸೋರಿದರೆ ನಾಲ್ಕು ಕಡೆಯೂ ಬ್ರೇಕ್ ಇಲ್ಲ. ಹಾಗಾಗಿ ಕೈಬ್ರೇಕ್ ಏರಿನಲ್ಲಿ ಗಾಡಿಯನ್ನು ಹಿಡಿದು ನಿಲ್ಲಿಸಲೇಬೇಕು. ಹೊರಡುವ ಮುಂಚೆ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ನಿಧಾನಕ್ಕೆ ಕೆಳಗೆ ಇಳಿದರೆ ಆ ದಿನ ಓಟವಿಲ್ಲ. ಬ್ರೇಕ್ ಆಯಿಲ್ ನೀರು ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಿ. ಏರ್ ಬ್ರೇಕ್ ಗಾಡಿಯಾದರೆ ಪ್ರತಿ ಓಟದ ನಂತರ ಟ್ಯಾಂಕಿನ ನೀರು ಬಿಡಿ.

ಹಳೆಯ ಲೈನರುಗಳಲ್ಲಿ ಅಸ್ಬೆಸ್ಟಾಸ್ ಇರುತ್ತದೆ. ಡ್ರಮ್ ಬಿಚ್ಚಿದಾಗ ಕಂಪ್ರೆಸರ್ ಗಾಳಿಯಿಂದ ಧೂಳು ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಿ. ಮಕ್ಕಳನ್ನು ಆ ಹೊತ್ತಿಗೆ ದೂರವಿಡಿ.

10. ಚಕ್ರದ ರಿಂಗಿಗೆ ಹೆದರಿ.
ಈ ಪಟ್ಟಿಯಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ. ಹಳೆ ಲಾರಿಯ ಟಯರನ್ನು ಡಿಸ್ಕಿನ ಮೇಲೆ ಹಿಡಿದಿಡುವುದು ಒಂದು ಕಬ್ಬಿಣದ ಲಾಕ್ ರಿಂಗ್. 9.00-20 ಟಯರಿನಲ್ಲಿ 90 ಪೌಂಡ್ ಆಸುಪಾಸಿನ ಗಾಳಿ ಇರುವಾಗ ಆ ರಿಂಗಿನ ಹಿಂದೆ ಟನ್ನುಗಟ್ಟಲೆ ಒತ್ತಡ ನಿಂತಿರುತ್ತದೆ. ರಿಂಗ್ ಸರಿಯಾಗಿ ಕೂರದಿದ್ದರೆ ಅದು ಹಾರುತ್ತದೆ, ಎದುರಿಗಿದ್ದವರು ಬದುಕುವುದಿಲ್ಲ. ಟಯರ್ ಅಂಗಡಿಗಳಲ್ಲಿ ಪ್ರಾಣ ಹೋದದ್ದು ಹೀಗೆಯೇ.

ವೀಲ್ ನಟ್ ಬಿಚ್ಚುವ ಮುಂಚೆಯೇ ವಾಲ್ವ್ ಪಿನ್ ತೆಗೆದು ಗಾಳಿ ಪೂರ್ತಿ ಬಿಡಿ. ಜೋಡಿ ಚಕ್ರವಿದ್ದರೆ ಎರಡರದ್ದೂ ಬಿಡಿ. ತುಕ್ಕು ತಿಂದ, ಬಾಗಿದ, ಬಿರುಕು ಬಿಟ್ಟ ರಿಂಗನ್ನು ಬಡಿದು ನೇರ ಮಾಡಬೇಡಿ, ವೆಲ್ಡಿಂಗ್ ಮಾಡಿಸಬೇಡಿ, ಬಿಸಾಡಿ. ಒಂದು ಕಂಪನಿಯ ಡಿಸ್ಕಿಗೆ ಇನ್ನೊಂದರ ರಿಂಗ್ ಹಾಕಬೇಡಿ. ಗಾಳಿ ಹೊಡೆಯುವುದು ಕಬ್ಬಿಣದ ಪಂಜರದೊಳಗೇ ಆಗಬೇಕು. ಕಚ್ಚಿಕೊಂಡು ನಿಲ್ಲುವ ನಳಿಕೆಯ ಉದ್ದ ಪೈಪು ಹಾಕಿ, ರಿಂಗಿನ ಎದುರಿಗಲ್ಲ, ಟಯರಿನ ಹಲ್ಲಿನ ಕಡೆಗೆ, ದೂರದಲ್ಲಿ ನಿಲ್ಲಿ. ಗಾಳಿ ಇರುವಾಗ ರಿಂಗಿನ ಮೇಲೆ ಸುತ್ತಿಗೆ ಏಟು ಬೀಳಲೇಬಾರದು. ಪಂಜರವಿಲ್ಲದ ಅಂಗಡಿಗೆ ನಿಮ್ಮ ಚಕ್ರ ಒಯ್ಯಬೇಡಿ. ಆ ಅಂಗಡಿಯ ಹುಡುಗನ ಜೀವದ ಹೊಣೆಯೂ ನಿಮ್ಮದೇ.

ಟಯರ್ ಹಲ್ಲು ಇದ್ದ ಮಾತ್ರಕ್ಕೆ ಒಳ್ಳೆಯದಲ್ಲ. ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ನೋಡಿ: 3419 ಎಂದರೆ 2019ನೆಯ ಇಸವಿಯ 34ನೆಯ ವಾರ ತಯಾರಾದದ್ದು. ಪಕ್ಕದ ಗೋಡೆಯಲ್ಲಿ ಸೀಳು ಕಂಡರೆ ತೆಗೆಯಿರಿ.

11. ಬ್ಯಾಟರಿಗೆ ಕಟ್ ಆಫ್ ಸ್ವಿಚ್ ಹಾಕಿಸಿ.
ನೂಲು ಸುತ್ತಿದ ಹಳೆ ವೈರು, ಅದನ್ನು ಕಡಿಯುವ ಇಲಿ, ಯಾವಾಗಲೂ ಕರೆಂಟು: ಶೆಡ್ಡಿಗೆ ಬೆಂಕಿ ಬೀಳಲು ಇಷ್ಟು ಸಾಕು. ಇಳಿದ ಕೂಡಲೇ ಸ್ವಿಚ್ ತೆಗೆಯಿರಿ. ನಿಂತ ಬ್ಯಾಟರಿ 12.4 ವೋಲ್ಟಿಗಿಂತ ಕೆಳಗಿಳಿದರೆ ಚಾರ್ಜಿಗೆ ಹಾಕಿ, ಇಲ್ಲದಿದ್ದರೆ ಒಳಗಿನ ಪ್ಲೇಟುಗಳಿಗೆ ಸಲ್ಫೇಟ್ ಹಿಡಿಯುತ್ತದೆ. ಯುದ್ಧಕಾಲದ ವಿಲ್ಲಿಸ್ ಜೀಪು 6 ವೋಲ್ಟಿನದು. ಅದಕ್ಕೆ ಈಗಿನ ಕಾರಿನ ತೆಳು ಬ್ಯಾಟರಿ ಕೇಬಲ್ ಹಾಕಿದರೆ ಸೆಲ್ಫ್ ತಿರುಗುವುದೇ ಇಲ್ಲ, ಎರಡು ಪಟ್ಟು ದಪ್ಪ ಬೇಕು. ಬ್ರಿಟಿಷ್ ಮೂಲದ ಹಲವು ಗಾಡಿಗಳಲ್ಲಿ ಪಾಸಿಟಿವ್ ತುದಿ ಚಾಸಿಗೆ ಕಟ್ಟಿರುತ್ತದೆ. ಬ್ಯಾಟರಿ ಕೂರಿಸುವ ಮುಂಚೆ ನೋಡಿಕೊಳ್ಳಿ.

12. ಮಳೆಗಾಲಕ್ಕೆ ಮೇ ತಿಂಗಳಲ್ಲೇ ಸಿದ್ಧವಾಗಿ.
ಪ್ಲಾಸ್ಟಿಕ್ ತಾಡಪಾಲು ಸುತ್ತಿ ಕಟ್ಟಿದರೆ ಒಳಗಿನ ತೇವ ಒಳಗೇ ಉಳಿದು ಕ್ಯಾಬಿನ್ ಕೊಳೆಯುತ್ತದೆ. ಮೇಲೆ ತಗಡು, ಪಕ್ಕ ತೆರೆದದ್ದು, ಕೆಳಗೆ ಗಾರೆ ಅಥವಾ ಕಲ್ಲಿನ ನೆಲ: ಇದಕ್ಕಿಂತ ಒಳ್ಳೆಯ ಶೆಡ್ಡು ಬೇಡ. ಮಣ್ಣಿನ ನೆಲದ ತೇವ ಚಾಸಿಗೆ ಏರುತ್ತದೆ. ಬಹಳ ದಿನ ನಿಲ್ಲುವುದಾದರೆ ಆಕ್ಸೆಲ್ ಕೆಳಗೆ ಮರದ ದಿಮ್ಮಿ ಕೊಟ್ಟು ಟಯರಿನ ಭಾರ ಇಳಿಸಿ. ಕೈಬ್ರೇಕ್ ಹಾಕಿ ಬಿಡಬೇಡಿ, ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಚಕ್ರಕ್ಕೆ ಅಡೆ ಕೊಡಿ. ಕ್ಲಚ್ ಪೆಡಲ್ ಒತ್ತಿ, ಸೀಟಿಗೂ ಪೆಡಲಿಗೂ ನಡುವೆ ಒಂದು ಮರದ ಕೋಲು ಊರಿಬಿಡಿ. ಆಗ ಕ್ಲಚ್ ಪ್ಲೇಟು ಫ್ಲೈವೀಲಿಗೆ ಕಚ್ಚಿಕೊಳ್ಳುವುದಿಲ್ಲ. ಸಕಲೇಶಪುರ, ಮೂಡಿಗೆರೆ ಕಡೆಯ ಮಳೆಗೆ ಈ ಕೋಲು ಇಲ್ಲದೆ ಆಗುವುದಿಲ್ಲ.

13. ಗಾಡಿ ಹೆಸರು ಹೇಳಿ ಸಾಮಾನು ಕೇಳಬೇಡಿ, ನಂಬರ್ ಹೇಳಿ ಕೇಳಿ.
ಫಾರ್ಗೋ ವೀಲ್ ಬೇರಿಂಗ್ ಇದೆಯಾ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲಿ ಕೇಳಿದರೆ ಇಲ್ಲವೆಂಬ ಉತ್ತರ ಬರುತ್ತದೆ. ಅದೇ ಬೇರಿಂಗಿನ ಮೇಲೆ ಕೊರೆದ ನಂಬರ್ ಬರೆದುಕೊಂಡು ಬೇರಿಂಗ್ ಅಂಗಡಿಗೇ ಹೋಗಿ ಕೊಟ್ಟು ನೋಡಿ. ಬೇರಿಂಗ್, ಆಯಿಲ್ ಸೀಲ್, ಫ್ಯಾನ್ ಬೆಲ್ಟ್ ಮೂರೂ ಅಳತೆಯ ಮೇಲೆ ಸಿಗುವ ವಸ್ತುಗಳು. ಸೀಲಿನ ಒಳ ಅಳತೆ, ಹೊರ ಅಳತೆ, ದಪ್ಪ ಬರೆದುಕೊಳ್ಳಿ. ಕಮಾನ್ ಪಟ್ಟಿಯನ್ನು ಪಟ್ಟಿ ಕೆಲಸದವರು ಹಳೆಯದನ್ನು ನೋಡಿ ಬಾಗಿಸಿ ಕೊಡುತ್ತಾರೆ. ಬುಷ್, ಪಿನ್ನುಗಳಿಗೆ ಲೇತ್ ಇದೆ. ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ತಣಿಸಿದರೆ ಮತ್ತೆ ಮೆತ್ತಗಾಗಿ ಕೂರುತ್ತದೆ. ಹೊಸ ಗ್ಯಾಸ್ಕೆಟ್ ಸಿಗದಿದ್ದರೆ ಶೀಟ್ ತಂದು ಕತ್ತರಿಸಿ. ಪ್ರತಿ ಗಾಡಿಗೂ ಒಂದು ಪುಸ್ತಕ ಇಟ್ಟು ಈ ನಂಬರುಗಳನ್ನೆಲ್ಲ ಬರೆದಿಡಿ. ನಿಮ್ಮ ನಂತರ ಗಾಡಿ ನೋಡಿಕೊಳ್ಳುವವರಿಗೆ ಅದು ಎಂಜಿನ್ನಿನಷ್ಟೇ ಬೆಲೆಬಾಳುತ್ತದೆ. ಬಿಚ್ಚಿದ ಹಳೆ ಭಾಗ ಯಾವುದನ್ನೂ ಹೊಸದು ಕೂತು ಓಡುವ ತನಕ ಎಸೆಯಬೇಡಿ. ಬಣ್ಣದ ಖರ್ಚು ಎಲ್ಲಕ್ಕೂ ಕೊನೆಗೆ.

14. ಕಾಗದವೂ ಒಂದು ಬಿಡಿಭಾಗ.
ಆರ್‌ಸಿ ಇಲ್ಲದ ಗಾಡಿ ಎಷ್ಟೇ ಚೆನ್ನಾಗಿದ್ದರೂ ಕೊಳ್ಳಬೇಡಿ. ಸೇನೆಯ ಹರಾಜಿನದಾದರೆ ಹರಾಜಿನ ಮೂಲ ಪತ್ರ ಕೈಗೆ ಬರಬೇಕು. 8 ವರ್ಷ ದಾಟಿದ ಸಾರಿಗೆ ವಾಹನಕ್ಕೆ ಪ್ರತಿವರ್ಷ ಎಫ್‌ಸಿ ಬೇಕು, ಹಳತಾದಷ್ಟೂ ಶುಲ್ಕ ಏರುತ್ತದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ಮಾಡಿತು: 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷದ ಅವಧಿ, ನಂಬರಿನಲ್ಲಿ ವಿಎ ಅಕ್ಷರ. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿಯಂಥದ್ದಕ್ಕೆ ಮಾತ್ರ. ಈ ನಿಯಮ ಸ್ವಂತ ಬಳಕೆಯ ದ್ವಿಚಕ್ರ, ನಾಲ್ಕು ಚಕ್ರದ ವಾಹನಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ಸರಕು ಲಾರಿಯ ವಿಷಯವನ್ನು ಹಣ ಕೊಡುವ ಮುಂಚೆಯೇ ನಿಮ್ಮ ಆರ್‌ಟಿಓ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಒಟ್ಟು ತೂಕ 7,500 ಕಿಲೋ ದಾಟುವ ಗಾಡಿಗೆ ಕಾರಿನ ಲೈಸೆನ್ಸ್ ಸಾಲದು. 1210ರಲ್ಲಿ 12 ಎಂಬುದು ಟನ್ನಿನ ಲೆಕ್ಕ.

15. ಹಳೆ ಮೇಸ್ತ್ರಿಗಳನ್ನು ಈಗಲೇ ಹುಡುಕಿ.
ಮೇಲಿನ ಹದಿನಾಲ್ಕನ್ನು ಓದಿ ಕಲಿಯಬಹುದು. ಕ್ರೌನ್ ಪಿನಿಯನ್ನಿನ ಆಟ ಎಷ್ಟಿರಬೇಕು, ಪಂಪಿನ ಟೈಮಿಂಗ್ ಸರಿಯಾದಾಗ ಎಂಜಿನ್ನಿನ ಸದ್ದು ಹೇಗೆ ಮಾಗುತ್ತದೆ, ಯಾವ ಹೊಗೆ ನೋಝಲ್ಲಿನದು, ಯಾವ ಹೊಗೆ ರಿಂಗಿನದು ಎಂಬುದನ್ನೆಲ್ಲ ಕಿವಿ, ಕಣ್ಣು, ಬೆರಳಿನಿಂದ ಬಲ್ಲವರ ವಯಸ್ಸು ಈಗ ಎಪ್ಪತ್ತರ ಆಚೀಚೆ. ಅವರ ಮಕ್ಕಳಲ್ಲಿ ಹಲವರು ಬೇರೆ ಕೆಲಸ ಹಿಡಿದಿದ್ದಾರೆ. ಬಿಡಿಭಾಗವನ್ನು ಲೇತಿನಲ್ಲಿ ಮಾಡಿಸಬಹುದು, ಆ ಅನುಭವವನ್ನು ಮಾಡಿಸಲಾಗದು. ಅವರು ಬಂದು ಕೂತು ಹೇಳಿಕೊಟ್ಟದ್ದಕ್ಕೆ ಕೆಲಸ ಮಾಡಿದಷ್ಟೇ ಕೂಲಿ ಕೊಡಿ, ಊಟ ಹಾಕಿ, ಗಾಡಿ ಕಳಿಸಿ ಮನೆಗೆ ಬಿಡಿ. ಪಕ್ಕದಲ್ಲಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಸ್ಪ್ಯಾನರ್ ಹಿಡಿಸಿ ನಿಲ್ಲಿಸಿ. ನಿಮ್ಮೂರಿನ ಬಸ್ ಸ್ಟ್ಯಾಂಡ್ ಹಿಂದೆ, ಹಳೆ ಗ್ಯಾರೇಜ್ ಸಾಲಿನಲ್ಲಿ ಅಂಥವರೊಬ್ಬರು ಇದ್ದೇ ಇರುತ್ತಾರೆ. ಈ ತಿಂಗಳ ಓಟವನ್ನು ಅವರ ಮನೆಯ ತನಕ ಮಾಡಿ, ಬಾನೆಟ್ ಎತ್ತಿ ತೋರಿಸಿ, ಫೋನಿನ ರೆಕಾರ್ಡರ್ ಹಾಕಿ, ಕೇಳಿ.